ಉಂಡ ಮೇಲಿನ ಗುಳಿಗೆ

ಶೀಟಿನಿಂದ ಗುಳಿಗೆ ಒಡೆದು ತೆಗೆಯುವ ಆ ‘ಚಿಟ್’ ಸದ್ದು ಎಲ್ಲಿ ಕೇಳಿದರೂ ನನಗೆ ಗೊರೇಬಾಳದ ನಮ್ಮ ಅಡುಗೆಮನೆ ನೆನಪಾಗುತ್ತದೆ. ಬಿಸಿ ರೊಟ್ಟಿಯ ವಾಸನೆ, ಬೆಳಕಿಂಡಿಯ ಕೆಳಗೆ ಅಂಗೈ ಚಾಚಿ ಕೂತ ಶರಣಮ್ಮತ್ತೆ. ಅಪ್ಪನ ತಂಗಿ ಅವಳು. ಮಸ್ಕಿಗೆ ಮದುವೆಯಾಗಿ ಹೋದವಳು ಮಾತು, ನಿದ್ದೆ ಎರಡೂ ಬಿಟ್ಟು ತವರಿಗೆ ಮರಳಿದ್ದಳು. ಗಾಳಿ ಸೋಂಕೆಂದು ತಾಯಿತ ಕಟ್ಟಿಸಿದರು. ಕೊನೆಗೆ ಸಿಂಧನೂರಿನ ಮನೋರೋಗದ ಡಾಕ್ಟರ ಗುಳಿಗೆಯಿಂದ ಅವಳು ಮತ್ತೆ ನಗತೊಡಗಿದಳು. ಬೆಳಿಗ್ಗೆ ಒಂದು, ರಾತ್ರಿ ಒಂದು ಕೊಡುವ ಕೆಲಸ ನನ್ನದು. ಆರನೆಯ ಕ್ಲಾಸಿನ ನನಗೆ ಅದರದೇ ಜಂಬ. “ಉಂಡ ಮ್ಯಾಲೆ ಕೊಡಬೇಕು, ಖಾಲಿ ಹೊಟ್ಟೀಲೆ ಬ್ಯಾಡ” ಎಂದಿದ್ದರು ಡಾಕ್ಟರು. ನಾನೋ, ಹೇಳಿದ ಮಾತಿನ ಗೆರೆ ದಾಟದವಳು. ಜ್ವರದ ಗುಳಿಗೆಯ ಹಾಗೆಯೇ ಇದೂ, ಒಂದು ಹೊತ್ತು ತಪ್ಪಿದರೆ ಏನಾದೀತು ಎಂದುಕೊಂಡಿದ್ದೆ.

ಶ್ರಾವಣ ಬಂತು. ನಮ್ಮ ಮನೆಯಲ್ಲಿ ತಿಂಗಳಿಡೀ ಒಪ್ಪತ್ತು, ಊಟ ರಾತ್ರಿ ಒಂದೇ ಸಲ. ಅತ್ತೆಯೂ ಹಿಡಿದಳು. ಬೆಳಿಗ್ಗೆ ಅವಳು ಉಣ್ಣಲಿಲ್ಲ, ನಾನು ಕೊಡಲಿಲ್ಲ. ಮೂರನೆಯ ವಾರಕ್ಕೆ ಅವಳು ಗೋಡೆಗೆ ಮುಖ ಮಾಡಿ ಪಿಸುಗುಟ್ಟತೊಡಗಿದಳು. ಒಂದು ಸಂಜೆ ಶಾಲೆಯಿಂದ ಬಂದರೆ ಮನೆಯಲ್ಲಿಲ್ಲ. ಹುಡುಕಿಕೊಂಡು ಹೋದಾಗ ಕಾಲುವೆಯ ಏರಿಯ ಮೇಲೆ ನೀರು ನೋಡುತ್ತ ನಿಂತಿದ್ದಳು. ಕೂಗಿದರೆ ಎಲ್ಲಿ ಬೆದರುತ್ತಾಳೋ ಎಂದು ಅಪ್ಪ ಚಪ್ಪಲಿ ಬಿಟ್ಟು ಮೆಲ್ಲಗೆ ನಡೆದ. “ಶರಣೂ, ಮನಿಗೆ ನಡಿ ಯವ್ವಾ, ಹೊತ್ತಾತು” ಎಂದು ಕೈ ಹಿಡಿದ. ಅವಳು ಬಂದಳು.

ಮರುದಿನ ಡಾಕ್ಟರ ಮುಂದೆ ಅಪ್ಪ ಗುಳಿಗೆಯ ಡಬ್ಬಿ ಸುರಿದಾಗ ಬೆಳಗಿನ ಗುಳಿಗೆಗಳೆಲ್ಲ ಒಡೆಯದೆ ಹಾಗೇ ಬಿದ್ದವು. “ಬೆಳಿಗ್ಗೆ ಉಂಡಿಲ್ಲರಿ, ಅದಕ್ಕ ಕೊಟ್ಟಿಲ್ಲ” ಎಂದು ನಾನು ಅಳತೊಡಗಿದೆ. “ತಪ್ಪು ನಂದೈತಿ. ನಿಮ್ಮ ಶ್ರಾವಣ ನಾ ಕೇಳಬೇಕಿತ್ತು. ಈ ಗುಳಿಗಿ ಒಂದಿನಾನೂ ತಪ್ಪಬಾರದವ್ವಾ” ಎಂದರು ಡಾಕ್ಟರು. ಅಪ್ಪ ಮಾತ್ರ ಬಸ್ಸಿನಲ್ಲಿ ನನ್ನ ಕಡೆ ನೋಡಲೇ ಇಲ್ಲ. ಆ ನೋಡದಿರುವಿಕೆ ಇವತ್ತಿಗೂ ನನ್ನನ್ನು ಚುಚ್ಚುತ್ತದೆ.

ಅಂದಿನಿಂದ ಪ್ರತಿ ಗುಳಿಗೆಯ ಬೆನ್ನಿಗೆ ಪೆನ್ನಿನಿಂದ ವಾರ, ಹೊತ್ತು ಬರೆದಿಡತೊಡಗಿದೆ. ಮುಂದಿನ ಶ್ರಾವಣದ ಮೊದಲ ಬೆಳಿಗ್ಗೆ ಅತ್ತೆ ಎಲ್ಲರಿಗೂ ಕಾಣುವಂತೆ ಅರ್ಧ ರೊಟ್ಟಿ ತಿಂದಳು. ಗಾಬರಿಯಾದ ಅವ್ವನಿಗೆ, “ದೇವರ ಮುಂದ ಹೇಳಿಕೊಂಡೀನಿ ಯಕ್ಕಾ. ಈ ಕೂಸು ಮತ್ತ ಅಳಬಾರದು” ಎಂದಳು. ನನ್ನ ಕಡೆ ಅಂಗೈ ಚಾಚಿದಳು. “ಕೊಡು ಬೇ, ಉಂಡೀನಿ.”

ಆ ಮನೆ ಕೆಡವಿ ಹೊಸದು ಕಟ್ಟಿಯಾಯಿತು, ಅತ್ತೆಯ ಗುಳಿಗೆಗೆ ವಾರ ಬರೆಯುವುದನ್ನು ಮಾತ್ರ ನಾನು ಬಿಡಲಿಲ್ಲ. ನಿಮ್ಮ ಮನೆಯಲ್ಲೂ ಇಂಥದೊಂದು ಡಬ್ಬಿ ಇದ್ದಿರಬಹುದು. ಹೋದ ವರ್ಷ, ಶ್ರಾವಣದ ಒಂದು ಸೋಮವಾರ ಮಧ್ಯಾಹ್ನ, ಅತ್ತೆ ಎದೆನೋವಿನಿಂದ ತೀರಿಕೊಂಡಳು. ಮಣ್ಣು ಮಾಡಿ ಬಂದ ಮೇಲೆ ಅವಳ ಡಬ್ಬಿ ತೆರೆದೆ. ನನ್ನ ಅಕ್ಷರದ ‘ಸೋಮವಾರ’ ಬೆಳಗಿನದು ಒಡೆದಿತ್ತು. ಒಲೆಯ ಪಕ್ಕದ ತಟ್ಟೆಯಲ್ಲಿ ಇನ್ನರ್ಧ ರೊಟ್ಟಿ ಉಳಿದಿತ್ತು.