ಒಳಗೆ ಬಿಡದ ಕಂಪ್ಯೂಟರ್

ಸುರೇಬಾನದ ನಮ್ಮ ಶಾಲೆಯ ಹುಡುಗಿಯೊಬ್ಬಳ ಹೆಸರು ಹತ್ತನೆಯ ತರಗತಿಯ ಪರೀಕ್ಷಾ ಪಟ್ಟಿಯಲ್ಲಿ ಬಿಟ್ಟುಹೋಗಿತ್ತು. ಸೇರಿಸಲು ಅಂದೇ ಕೊನೆಯ ದಿನ. ಪಾಸ್‌ವರ್ಡ್ ಕೊಟ್ಟಷ್ಟು ಸಲವೂ ಪರೀಕ್ಷಾ ಮಂಡಳಿಯ ಜಾಲತಾಣವು ಲಾಗಿನ್ ಪುಟಕ್ಕೇ ಮರಳುತ್ತಿತ್ತು. ಮುಖ್ಯೋಪಾಧ್ಯಾಯನಾದ ನಾನು, ತಪ್ಪು ಒತ್ತುತ್ತಿದ್ದೀರೆಂದು ಗುಮಾಸ್ತೆ ನೀಲಮ್ಮನವರನ್ನು ಗದರಿಸಿದೆ.

“ಪಾಸ್‌ವರ್ಡ್ ಬರೋಬರಿ ಐತ್ರಿ ಸರ. ತಡಾ ಮಾಡಿ ಬಂದವರಿಗೆ ನೀವು ಚೀಟಿ ಕೊಡ್ತೀರಿ. ಅದನ್ನ ಸಿಪಾಯಿ ಬಾಗಿಲದಾಗ ಹರದು ಒಗದ್ರ ಹುಡುಗರು ವರ್ಗಕ್ಕ ಹೆಂಗ ಹೋಗ್ಬೇಕ್ರಿ? ಪಾಸ್‌ವರ್ಡ್ ನೋಡಿ ಸೈಟ್ ಕೊಡೋ ಕುಕೀ ಅನ್ನೋ ಗುರುತಿನ ಚೀಟೀನ ನಮ್ಮ ಆ್ಯಂಟಿವೈರಸ್ ಹಂಗ ಹರದು ಒಗ್ಯಾಕ ಹತ್ತೈತಿ.”

“ಅಷ್ಟು ಬಿಗಿ ಮಾಡಿದವರು ಯಾರು?”

“ನೀವರೀ ಸರ. ಆ್ಯಂಟಿವೈರಸ್ ಹಾಕ್ಸೋವಾಗ ಎಲ್ಲಾ ಬಿಗಿ ಇರ್ಲಿ ಅಂದ್ರಲ್ರಿ.”

ಆ ಒಂದು ತಾಣಕ್ಕೆ ಮಾತ್ರ ಸಡಿಲಿಸಲು ಒಪ್ಪಿದೆ. ಪುಟ ತೆರೆಯಿತು, ಹೆಸರು ಸೇರಿತು, ನನ್ನ ಎದೆ ಹಗುರಾಯಿತು. ನೀಲಮ್ಮನವರ ಕ್ಷಮೆ ಕೇಳಿದೆ. ನನ್ನ ಬಾಯಿಂದ ಎಂದೂ ಅಂಥ ಮಾತು ಕೇಳಿರದ ಅವರು ಗಾಬರಿಯಾಗಿ, ಇನ್ನೇನು ಕೆಟ್ಟಿತೋ ಎಂದು ಕಂಪ್ಯೂಟರಿನತ್ತ ತಿರುಗಿದರು.