ಚಿರತೆಗೆ ಮಾಂಸ ಹಾಕುತ್ತಿದ್ದ ಕಾಕ

ಕಾಕನ ಎಡಗೈಯ ಎರಡು ಬೆರಳು ಮಡಚುತ್ತಿರಲಿಲ್ಲ. ಚಹಾದ ಲೋಟ ಹಿಡಿದರೆ ಅವೆರಡೂ ನೆಟ್ಟಗೆ ಹೊರಗೆ ಚಾಚಿಕೊಂಡಿರುತ್ತಿದ್ದವು. ಬಂಟ್ವಾಳ ಕಡೆಯ ಬ್ಯಾರಿ. ದುಬೈಯ ಅಲ್ ಬರ್ಷಾದಲ್ಲಿ ನಮ್ಮ ಪಕ್ಕದ ಫ್ಲ್ಯಾಟಿನಲ್ಲಿದ್ದ ಮಗಳ ಮನೆಗೆ ರಜೆಯಲ್ಲಿ ಬರುತ್ತಿದ್ದರು. ಉಳಿದ ದಿನ ಊರಾಚೆಯ ಒಂದು ಪ್ರಾಣಿಕೇಂದ್ರದಲ್ಲಿ ಅರಬ್ ಚಿರತೆಗಳಿಗೆ ಮಾಂಸ ಹಾಕುವ, ಅವುಗಳ ಗೂಡು ತೊಳೆಯುವ ಕೆಲಸ. ಇಲ್ಲಿಯ ಬೆಟ್ಟಗಳಿಂದ ಮರೆಯಾದ ಆ ಜಾತಿಯನ್ನು ಬೇಲಿಯೊಳಗೆ ಮರಿ ಹಾಕಿಸಿ ಉಳಿಸುವ ಜಾಗ ಅದು.

ಈದ್‌ಗೂ ಅವರು ಅತ್ತರು ಹಚ್ಚುತ್ತಿರಲಿಲ್ಲ. ಮಗಳು ಗೊಣಗಿದರೆ, "ನನ್ನ ವಾಸನೆ ಬದಲಾದರೆ ಆ ಮುದುಕಿ ತಿನ್ನುದಿಲ್ಲ" ಎನ್ನುತ್ತಿದ್ದರು. ಮುದುಕಿ ಎಂದರೆ ಅಲ್ಲಿಯ ಅತಿ ಹಿರಿಯ ಹೆಣ್ಣು ಚಿರತೆ.

ಬರ್ ದುಬೈಯಲ್ಲಿ ಭಾನುವಾರ ನಾನು ಮಕ್ಕಳಿಗೆ ಕನ್ನಡ ಕಲಿಸುತ್ತೇನೆ. ಒಮ್ಮೆ ಕಾಕನನ್ನು ಅಲ್ಲಿಗೆ ಕರೆದೆ. ಹುಡುಗಿಯೊಬ್ಬಳು ಕೇಳಿದಳು: "ಅಂಕಲ್, ಬೆಟ್ಟದಲ್ಲಿ ರಿಯಲ್ ಆಗಿ ನೋಡಿದ್ದೀರಾ?"

ಕಾಕ ಮಡಚದ ಆ ಎರಡು ಬೆರಳು ತೋರಿಸಿದರು.

"ಒಂದೇ ಒಂದು ನೋಡಿದ್ದು ಮಗಾ. ಅದನ್ನು ನಾನೇ ಕೊಂದದ್ದು."

ಇಪ್ಪತ್ತರ ಪ್ರಾಯದಲ್ಲಿ ಫುಜೈರಾ ಕಡೆಯ ಬೆಟ್ಟದಲ್ಲಿ ಆಡು ಕಾಯುತ್ತಿದ್ದರಂತೆ. ಚಿರತೆ ಆಡು ಹಿಡಿದಾಗ ಯಜಮಾನ ಕಬ್ಬಿಣದ ಉರುಲು ಕೊಟ್ಟ. ಒಡ್ಡುವಾಗ ಬೆರಳು ಸಿಕ್ಕಿಕೊಂಡವು. ಮೂರನೇ ದಿನ ಚಿರತೆ ಸಿಕ್ಕಿತು, ಕಲ್ಲಿನಿಂದ ಮುಗಿಸಿದರು. ಅದರ ಮೊಲೆಯಲ್ಲಿ ಹಾಲಿತ್ತು.

"ಆಗ ಕೊಂದವನಿಗೆ ಊಟ ಹಾಕಿದರು. ಈಗ ಮುಟ್ಟಿದರೆ ಜೈಲು. ಕಾನೂನು ಬರುವಾಗ ಬೆಟ್ಟ ಖಲಾಸ್. ಕೇಂದ್ರಕ್ಕೆ ಆಳು ಬೇಕಂತೆ ಅಂತ ಗೊತ್ತಾದಾಗ ನಾನೇ ಹೋಗಿ ನಿಂತೆ. ಅಲ್ಲಿ ಮೊದಲ ಮರಿ ಹುಟ್ಟಿದ ದಿನ ಹೊರಗೆ ಬಂದು ಅತ್ತದ್ದು ಮಾರಾಯ್ರೆ."

ಹಿಂದೆ ಕೂತಿದ್ದ ಮಕ್ಕಳ ಹೆತ್ತವರ ಹಾಗೆ ನಾನೂ ಇದನ್ನೆಲ್ಲ ಫೋನಿನಲ್ಲಿ ಚಿತ್ರೀಕರಿಸಿಕೊಂಡೆ. ಆಗ ನನ್ನದೊಂದು ಪೇಜ್ ಇತ್ತು, ನನ್ನ ಹೆಸರಿಲ್ಲದ್ದು. ಮರುದಿನ ಆಫೀಸಿನಲ್ಲಿ ಕೂತು, ಕೊಂದ ಕಥೆಯನ್ನಷ್ಟೇ ಇಟ್ಟು ಉಳಿದದ್ದನ್ನು ಕತ್ತರಿಸಿ, "ಚಿರತೆ ಕೊಂದವನೇ ಈಗ ಕಾವಲುಗಾರ" ಎಂದು ತಲೆಬರಹ ಕೊಟ್ಟು ಹಾಕಿದೆ. ಸಂಜೆಯೊಳಗೆ ಸಾವಿರಾರು ಜನ ನೋಡಿದ್ದರು. ನನಗೆ ಖುಷಿಯಾಗಿತ್ತು.

ವಾರದೊಳಗೆ ಕೇಂದ್ರದವರು ಕಾಕನನ್ನು ಗೂಡುಗಳಿಂದ ತೆಗೆದು ಉಗ್ರಾಣಕ್ಕೆ ಹಾಕಿದರು. ಕಾಕ ನನಗೇ ಫೋನ್ ಮಾಡಿದರು.

"ಮಾಷ್ಟ್ರೇ, ನಿಮಗೆ ಇದೆಲ್ಲ ಗೊತ್ತುಂಟಲ್ಲ. ಆ ವಿಡಿಯೊ ಹಾಕಿದ್ದು ಯಾರಂತ ನೋಡ್ಲಿಕ್ಕೆ ಆಗ್ತದಾ? ಬೈಲಿಕ್ಕೆ ಅಲ್ಲ. ಉಳಿದ ಮಾತನ್ನೂ ಹಾಕಿ ಅಂತ ಹೇಳ್ಲಿಕ್ಕೆ."

"ನೋಡ್ತೇನೆ ಕಾಕ" ಎಂದೆ.

ಪೂರ್ತಿ ವಿಡಿಯೊ ನನ್ನ ಕೈಯಲ್ಲೇ ಇತ್ತು. ಅದರಲ್ಲಿ ನನ್ನ ದನಿಯೂ ಇತ್ತು, ಹಾಕಿದರೆ ನಾನೆಂದು ತಿಳಿದುಬಿಡುತ್ತದೆ. ಪೇಜನ್ನೇ ಅಳಿಸಿದೆ. ಆ ವೇಳೆಗೆ ವಿಡಿಯೊ ನೂರು ಕಡೆ ಹರಡಿತ್ತು. ಕಾಕ ಎರಡು ಸಲ ಮತ್ತೆ ವಿಚಾರಿಸಿದರು. "ಹುಡುಕ್ತಾ ಇದ್ದೇನೆ" ಎಂದೆ, ಎರಡು ಸಲವೂ. ಹೊಸಬನ ಕೈಯಿಂದ ಮುದುಕಿ ಸರಿಯಾಗಿ ತಿನ್ನುತ್ತಿಲ್ಲ ಎಂದು ಅವರಿಗೆ ಯಾರೋ ಹೇಳಿದ್ದರು. ಅದಾದ ಮೇಲೆ ವೀಸಾ ರದ್ದು ಮಾಡಿಸಿ ಊರಿಗೆ ಹೊರಟುಹೋದರು.

ಕಳೆದ ವರ್ಷ ತೀರಿಕೊಂಡರು. ಕಾಕನ ಮಗಳು ಊರಿಂದ ಮರಳಿದ ಮೇಲೆ ನಮ್ಮ ಬಾಗಿಲಿಗೆ ಬಂದಿದ್ದಳು.

"ಆ ವಿಡಿಯೊ ವಿಷಯದಲ್ಲಿ ಮಾಷ್ಟ್ರು ತುಂಬ ಕಷ್ಟಪಟ್ಟಿದ್ದಾರೆ ಅಂತ ಉಪ್ಪ ಹೇಳ್ತಿದ್ದರು. ನಿಮಗೆ ಥ್ಯಾಂಕ್ಸ್ ಹೇಳ್ಬೇಕು ಅಂದಿದ್ದರು."

ನಾನು, "ಪರವಾಗಿಲ್ಲ" ಎಂದೆ.