ಅಕ್ಕನ ತಟ್ಟೆ, ಅಪ್ಪನ ಕಾರು

ನಾನು ಚಿಕ್ಕವನಿದ್ದಾಗ ಅಪ್ಪ ಮಾಡಿದ ಕಾರು ಟೀವಿಯಲ್ಲಿ ಬಂದಿತ್ತು. ಈ ಒಂದು ವಾಕ್ಯವನ್ನು ಮೂರು ಸಲ ಬರೆದು ಮೂರು ಸಲ ಹೊಡೆದುಹಾಕಿದ್ದೇನೆ. ನಿಜಕ್ಕೂ ಏನು ನಡೆಯಿತು ಎಂಬುದು ನನಗೆ ಪೂರ್ತಿ ಗೊತ್ತಿಲ್ಲ. ಮಕ್ಕಳೇ, ನಿಮಗೆ ಈ ಕತೆಯನ್ನು ಎಷ್ಟೋ ಸಲ ಹೇಳಿದ್ದೇನೆ. ಪ್ರತಿ ಸಲವೂ ಕಾರು ಒಂದಿಷ್ಟು ಉದ್ದವಾಗಿದೆ, ಒಂದಿಷ್ಟು ಜೋರಾಗಿ ಓಡಿದೆ. ಹೋದ ತಿಂಗಳು ನಿಮ್ಮಲ್ಲಿ ದೊಡ್ಡವಳು ನನ್ನನ್ನು ನಡುವೆಯೇ ತಡೆದಳು.

"ತಾತಾ, ಬ್ಲ್ಯಾಕ್ ಅಂಡ್ ವೈಟ್ ಟೀವೀಲಿ ಕಾರು ಹಸಿರು ಅಂತ ಹೆಂಗ್ ಗೊತ್ತಾಯ್ತು?"

ಯೂನಿವರ್ಸಿಟಿಯಲ್ಲಿ ಭೌತಶಾಸ್ತ್ರ ಓದಿ, ಆಮೇಲೆ ವರ್ಷಗಟ್ಟಲೆ ಹುಡುಗರಿಗೆ ಅಳೆದು ನೋಡದೆ ಏನನ್ನೂ ನಂಬಬೇಡಿ ಎಂದು ಪಾಠ ಹೇಳಿದವನು ನಾನು. ನನ್ನ ನೆನಪನ್ನೇ ಒಮ್ಮೆಯೂ ಅಳೆದು ನೋಡಿರಲಿಲ್ಲ. ಅವತ್ತಿನಿಂದ ಕೂತಲ್ಲಿ ಕೂರಲಾಗುತ್ತಿಲ್ಲ. ಬಾಲ್ಕನಿಯಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಬಾಲ್ಕನಿಗೆ ಓಡಾಡುತ್ತ ಆ ದಿನವನ್ನು ಬಿಚ್ಚಿ ಮತ್ತೆ ಜೋಡಿಸುತ್ತಿದ್ದೇನೆ. ಗೊತ್ತಿರುವುದನ್ನು ಗೊತ್ತು ಎಂದೂ, ಅನುಮಾನ ಇರುವ ಕಡೆ ಅನುಮಾನ ಎಂದೂ ಬರೆಯುತ್ತೇನೆ.

ಆಗ ನಮ್ಮ ಮನೆ ಯಲಹಂಕದ ಹಳೇ ಊರಿನಲ್ಲಿತ್ತು. ಚಿಕ್ಕಜಾಲದ ಕಡೆ ಹೋಗುವ ರಸ್ತೆಯ ಪಕ್ಕ, ಹೊಂಗೆ ಮರದ ಕೆಳಗೆ ಅಪ್ಪನ ಶೆಡ್ಡು. ಅಪ್ಪ ಟಿಂಕರ್. ಅಂದರೆ ಎಲ್ಲೋ ಗುದ್ದಿ ನೆಗ್ಗಿದ ಲಾರಿ, ಬಸ್ಸುಗಳ ತಗಡನ್ನು ಬಡಿದು ಮೊದಲಿನಂತೆ ಮಾಡುವವನು. ಮರದ ಸುತ್ತಿಗೆಯ ಮಂದ ಸದ್ದು, ಕಬ್ಬಿಣದ ಸುತ್ತಿಗೆಯ ಕಿವಿ ಚುಚ್ಚುವ ಸದ್ದು, ಬೆಸುಗೆಯ ಬೆಂಕಿ ಸುಯ್ಯೆನ್ನುವುದು, ನೆಗ್ಗು ತುಂಬಲು ಮೆತ್ತುವ ಪುಟ್ಟಿಯ ಘಾಟು ವಾಸನೆ, ಅದರ ಜೊತೆಗೆ ಹೊಂಗೆ ಹೂವಿನ ವಾಸನೆ. ಇವುಗಳಲ್ಲಿ ನನಗೆ ಅನುಮಾನವಿಲ್ಲ. ಇಷ್ಟನ್ನೂ ಸುಳ್ಳಾಗಿ ಕಟ್ಟುವಷ್ಟು ಚೆನ್ನಾದ ಮೂಗು ನನಗಿಲ್ಲ.

ಒಂದು ಬೆಳಿಗ್ಗೆ ಟೀವಿ ಧಾರಾವಾಹಿ ಮಾಡುವವರು ದುಂಡು ಮೂತಿಯ ಹಳೇ ಕಾರೊಂದನ್ನು ಹಗ್ಗ ಕಟ್ಟಿ ಎಳೆದು ತಂದರು. ಅವರ ಕತೆಯ ಪತ್ತೇದಾರನಿಗೆ ಊರಲ್ಲಿ ಯಾರೂ ಕಂಡಿರದಂಥ ಕಾರು ಬೇಕಿತ್ತು. ಮೂತಿ ಉದ್ದವಾಗಬೇಕು, ಹಿಂದೆ ಎರಡು ರೆಕ್ಕೆ ಬರಬೇಕು. ಅಪ್ಪ ಶೆಡ್ಡಿನ ನೆಲದ ಮೇಲೆ ಸೀಮೆಸುಣ್ಣದಲ್ಲಿ ಕಾರನ್ನು ಅದರಷ್ಟೇ ದೊಡ್ಡದಾಗಿ ಬರೆದ. ಎಣ್ಣೆ ಡ್ರಮ್ಮುಗಳನ್ನು ಸೀಳಿ, ಚಪ್ಪಟೆ ಮಾಡಿ, ಮರಳು ಚೀಲದ ಮೇಲಿಟ್ಟು ಬಡಿದು ಬಡಿದು ರೆಕ್ಕೆ ಎಬ್ಬಿಸಿದ. ಯಾವುದೋ ಲಾರಿಗೆ ಹೊಡೆದು ಮಿಕ್ಕಿದ್ದ ಹಸಿರು ಬಣ್ಣ ಬಳಿದ. ಒಂದು ವಾರ ಅವನ ಉಗುರುಗಳೆಲ್ಲ ಹಸಿರಾಗಿದ್ದವು. ಆ ಬೆರಳಲ್ಲೇ ಮುದ್ದೆ ಮುರಿಯುತ್ತಿದ್ದುದು ಈಗಲೂ ಕಣ್ಣಿಗೆ ಕಟ್ಟಿದಂತಿದೆ. ನನ್ನ ಹಸಿರು ಅಲ್ಲಿಂದ ಬಂದದ್ದು. ಟೀವಿಯಿಂದ ಬಂದದ್ದಲ್ಲ.

ಎಲ್ಲ ಮುಗಿದ ಮೇಲೆ ಚಕ್ರಗಳು ಬೋಳಾಗಿ ಕಂಡವು. ಹೊಳೆಯುವ ಮುಚ್ಚಳ ಎಲ್ಲೂ ಸಿಗಲಿಲ್ಲ. ಅಪ್ಪ ಮನೆಗೆ ಬಂದು ಅಡುಗೆಮನೆಯ ಕಪಾಟನ್ನು ನೋಡುತ್ತ ನಿಂತ. ಅಲ್ಲಿ ಅಕ್ಕನ ನಾಲ್ಕು ಸ್ಟೀಲ್ ತಟ್ಟೆಗಳಿದ್ದವು. ಅಕ್ಕ ಹತ್ತನೇ ಕ್ಲಾಸು ಪಾಸಾದಾಗ ಅಮ್ಮ ಕೊಡಿಸಿದ ತಟ್ಟೆಗಳು ಅವು. ನಮ್ಮ ಮನೆಯಲ್ಲಿ ಅಷ್ಟು ಓದಿದ ಮೊದಲನೆಯವಳು ಅಕ್ಕನೇ. ಆಗೆಲ್ಲ ಪಾತ್ರೆ ಕೊಂಡರೆ ಅಂಗಡಿಯವನು ಪುಟ್ಟ ಮೆಷಿನ್ನು ಹಿಡಿದು, ಅದು ಜೇನಿನಂತೆ ಗುಂಯ್ ಎನ್ನುತ್ತಿರುವಾಗ, ಚುಕ್ಕಿ ಚುಕ್ಕಿಯಾಗಿ ಹೆಸರು ಕೊರೆದುಕೊಡುತ್ತಿದ್ದ. ನಾಲ್ಕು ತಟ್ಟೆಗಳ ಬೆನ್ನಿನ ಮೇಲೂ ಅಕ್ಕನ ಹೆಸರಿತ್ತು.

"ಶೂಟಿಂಗ್ ಮುಗಿದ ಮೇಲೆ ಬಿಚ್ಕೊಂಡ್ ಬರ್ತೀನಿ ಕಣಮ್ಮಾ" ಎಂದ ಅಪ್ಪ.

"ಮಧ್ಯ ತೂತ್ ಹೊಡೆದ್ ಮೇಲೆ ತಂದು ಏನ್ ಮಾಡ್ಲಿ? ಸಾರು ಸೋರ್ಸ್ಲಾ?" ಎಂದಳು ಅಕ್ಕ. ಆಮೇಲೆ ತಟ್ಟೆಗಳನ್ನು ಒಂದೊಂದಾಗಿ ಒರೆಸಿ ಕೆಳಗಿಳಿಸಿ, ಒಂದು ಷರತ್ತು ಹಾಕಿದಳು. "ಹೆಸರು ಒಳಗಡೆ ಇರ್ಬೇಕು. ನನ್ ಹೆಸರು ಕೆಸರಲ್ಲಿ ಉರುಳೋದು ಬೇಡ."

ಅಪ್ಪ ತಲೆಯಾಡಿಸಿದ. ಅಂದರೆ ನಾವು ಅನ್ನ ಬಡಿಸಿಕೊಳ್ಳುವ ಬದಿ ಹೊರಗೆ, ಹೆಸರಿರುವ ಬೆನ್ನು ಚಕ್ರದ ಕಡೆಗೆ. ತಟ್ಟೆಗಳು ಹೋದವು, ಕಾರೂ ಹೋಯಿತು. ಪುಟ್ಟೇನಹಳ್ಳಿ ಕೆರೆ ಏರಿಯ ಮೇಲೆ ಶೂಟಿಂಗ್ ಆಯಿತಂತೆ. ಸ್ಕೂಲಿದ್ದ ಕಾರಣ ನಾನು ನೋಡಲಿಲ್ಲ. ಕಾರು ಅಲ್ಲಿಂದ ಮುಂದೆ ಎಲ್ಲಿಗೆ ಹೋಯಿತೋ, ತಟ್ಟೆಗಳಂತೂ ವಾಪಸು ಬರಲಿಲ್ಲ.

ಈಗ ಆ ದಿನಕ್ಕೆ ಬರುತ್ತೇನೆ. ಸಂಜೆ ಕಾರು ಟೀವಿಯಲ್ಲಿ ಬರುವುದಿತ್ತು. ನಮ್ಮ ಬೀದಿಯಲ್ಲಿ ಟೀವಿ ಇದ್ದದ್ದು ಒಂದೇ ಮನೆಯಲ್ಲಿ. ಬಾಗಲೂರು ರಸ್ತೆಯಲ್ಲಿ ದ್ರಾಕ್ಷಿ ತೋಟವಿದ್ದ ಯಜಮಾನರ ಮನೆ ಅದು. ಅವರ ಮೊಮ್ಮಗ ನನ್ನ ಕ್ಲಾಸಿನವನು. ಅಪ್ಪ ಮಾಡಿದ ಕಾರು ಇವತ್ತು ಬರುತ್ತದೆ ಎಂದು ನಾನು ಬೆಳಿಗ್ಗೆಯೇ ಅವನ ಹತ್ತಿರ ಬಾಯಿ ಬಿಟ್ಟಿದ್ದೆ.

"ನಿಮ್ಮಪ್ಪ ಬಕೀಟಿಗೆ ತಳ ಹಾಕೋರು ಕಣೋ. ಕಾರ್ ಮಾಡ್ತಾರಂತೆ, ಕಾರು!"

"ಮಾಡಿದಾರೆ."

"ಹಂಗಾದ್ರೆ ಕೊನೇಲಿ ಹೆಸರು ಬರುತ್ತಲ್ಲ, ಅದ್ರಲ್ಲಿ ಬರ್ಬೇಕು. ಬರ್ಲಿಲ್ಲ ಅಂದ್ರೆ ನೀನು ನಮ್ಮನೆ ಹೊಸ್ತಿಲು ದಾಟಂಗಿಲ್ಲ ಮಗಾ. ಟೀವಿ ಗೀವಿ ಎಲ್ಲಾ ಬಂದ್."

ಮಧ್ಯಾಹ್ನವೆಲ್ಲ ನಾನು ಮನೆಗೂ ಶೆಡ್ಡಿಗೂ ಓಡಾಡಿದೆ. ಹೆಸರು ಬರುತ್ತಾ ಎಂದು ಅಪ್ಪನನ್ನು ಕೇಳಿದರೆ, ಒಂದು ಬಸ್ಸಿನ ಬಾಗಿಲನ್ನು ಬಡಿಯುತ್ತಲೇ ಇದ್ದ. "ನೀವು ಹೋಗ್ರಪ್ಪಾ, ಕೆಲಸ ಐತೆ" ಎಂದ. ಸಂಜೆ ಅಕ್ಕ ನನ್ನ ಕೈ ಹಿಡಿದು ಯಜಮಾನರ ಮನೆಗೆ ಕರೆದುಕೊಂಡು ಹೋದಳು.

ಆ ಮನೆಯ ಹಜಾರ ನಿಮಗೆ ಸಿನಿಮಾ ಥಿಯೇಟರಿದ್ದ ಹಾಗೆ. ಗಂಡಸರು ಬೆಂಚಿನ ಮೇಲೆ, ಹೆಂಗಸರು ಗೋಡೆಗೊರಗಿ, ಮಕ್ಕಳು ತಣ್ಣನೆಯ ರೆಡ್ ಆಕ್ಸೈಡ್ ನೆಲದ ಮೇಲೆ. ಮರದ ಪೆಟ್ಟಿಗೆಯ ಬಾಗಿಲು ಸರಿಸಿದರೆ ಒಳಗೆ ಟೀವಿ. ಅದರಲ್ಲಿ ಬರುವವರೆಲ್ಲ ನಮ್ಮ ಬೀದಿಯವರೇ ಆಗಿಬಿಟ್ಟಿದ್ದರು. ಬೇಸಾಯದ ಕಾರ್ಯಕ್ರಮದ ಕನ್ನಡಕದ ಮನುಷ್ಯ ಔಷಧಿ ಹೊಡೆಯುವುದು ಹೇಗೆಂದು ಹೇಳಿದರೆ, ಯಜಮಾನರು ಎದ್ದು ನಿಂತು "ಇಂಗೆ ಒಡೆದ್ರೆ ದ್ರಾಕ್ಸಿ ಉಳೀತದಾ? ಯಾವತ್ತಾರ ತೋಟ ನೋಡಿದ್ಯಾ?" ಎಂದು ಅವನನ್ನೇ ಬಯ್ಯುತ್ತಿದ್ದರು. ವಾರ್ತೆ ಓದುವ ಹೆಂಗಸು ಬಂದರೆ ಹೆಂಗಸರೆಲ್ಲ ವಾರ್ತೆ ಬಿಟ್ಟು ಅವಳ ಸೀರೆಯ ಬಣ್ಣ ಹೇಳುವುದಕ್ಕೆ ಶುರು. ಒಬ್ಬಳು ಎಲೆಹಸಿರು ಎಂದರೆ ಇನ್ನೊಬ್ಬಳು ನೇರಳೆ. ಪರದೆಯ ಮೇಲೆ ಇದ್ದದ್ದು ಬರೀ ಬೂದಿ ಬಣ್ಣ. ಆದರೂ ಮನೆಗೆ ಹೋಗುವಷ್ಟರಲ್ಲಿ ಎಲ್ಲರೂ ಬಣ್ಣವನ್ನು ಕಣ್ಣಾರೆ ಕಂಡಿರುತ್ತಿದ್ದರು. ಅದಕ್ಕೇ ಈಗ ನಾನು ನೆನಪನ್ನು ನಂಬುವುದಿಲ್ಲ.

ಧಾರಾವಾಹಿ ಶುರುವಾಯಿತು. ಪತ್ತೇದಾರ ಎತ್ತರದ ಮನುಷ್ಯ, ಒಂದು ಹುಬ್ಬು ಮಾತ್ರ ಎತ್ತಬಲ್ಲವನು. ಬೀದಿಯ ಹುಡುಗರೆಲ್ಲ ಕನ್ನಡಿ ಮುಂದೆ ಅದನ್ನು ಕಲಿಯಲು ಹೋಗಿ ಎರಡೂ ಹುಬ್ಬು ಎತ್ತುತ್ತಿದ್ದೆವು. ಅವನು ಒಬ್ಬ ಕಳ್ಳನ ಹಿಂದೆ ಓಡಿದ, ಒಂದು ಕಾಗದ ಹುಡುಕಿದ. ಕಾರು ಬರಲೇ ಇಲ್ಲ. ನಾನು ಕೂತಲ್ಲೇ ಹೊರಳಾಡುತ್ತಿದ್ದೆ. ಮೊಮ್ಮಗ ಹಿಂದಿನಿಂದ ನನ್ನ ಬೆನ್ನು ತಿವಿದು, "ಗುರು, ಕಾರು ಪಂಕ್ಚರ್ರಾ?" ಎಂದ.

ಆಗ ಬಂತು. ಕೆರೆ ಏರಿಯ ಮೇಲೆ ಧೂಳೆಬ್ಬಿಸುತ್ತ, ಉದ್ದ ಮೂತಿ, ಹಿಂದೆ ಎರಡು ರೆಕ್ಕೆ.

"ಫಾರಿನ್ ಕಾರ್ ಕಣ್ರೀ" ಎಂದರು ಯಾರೋ.

"ನಮ್ಮಪ್ಪ ಮಾಡಿದ್ದು!" ಎಂದು ಕೂಗಿಯೇಬಿಟ್ಟೆ. ಹಜಾರಕ್ಕೆ ಹಜಾರವೇ ನಕ್ಕಿತು. ಅಷ್ಟರಲ್ಲಿ ಕಾರು ನಮ್ಮ ಕಡೆಗೆ ತಿರುಗಿ ಗಕ್ಕನೆ ನಿಂತಿತು. ಅಕ್ಕ ಗೋಡೆ ಬಿಟ್ಟು ಎದ್ದು ನಿಂತಳು.

"ಅಯ್ಯೋ, ನನ್ ತಟ್ಟೆ! ಬೋರಲು ಹಾಕ್ಬಿಟ್ಟಿದಾನೆ!"

ಈ ಸಲ ನಗು ಇನ್ನೂ ಜೋರಾಯಿತು. "ತಟ್ಟೆ ಮೇಲೆ ಕಾರು ಓಡ್ತದೇನವ್ವಾ? ಹಂಗಾರೆ ಚೊಂಬಿನ ಮೇಲೆ ಬಸ್ಸು ಓಡ್ಸಾನ!" ಎಂದರು ಬೆಂಚಿನ ಮೇಲಿದ್ದ ಒಬ್ಬರು. ಅಕ್ಕ ಸೆರಗಿನಿಂದ ಮುಖ ಒರೆಸಿಕೊಂಡು ಕೂತಳು. ಅವಳು ಏನು ಕಂಡಳೋ, ನಾನು ಏನು ಕಂಡೆನೋ. ಕಾರು ಆಗಲೇ ಹೋಗಿಯಾಗಿತ್ತು.

ಕತೆ ಮುಗಿದು ಸಂಗೀತ ಬಂದೊಡನೆ ಯಜಮಾನರು ಎದ್ದರು. ಹೆಸರು ಬರುವ ಹೊತ್ತಿಗೆ ಟೀವಿ ಆರಿಸುವುದು ಅವರ ಪದ್ಧತಿ. ಟ್ಯೂಬು ಬಿಸಿಯಾಗಿ ಸವೆಯುತ್ತದೆ ಎಂದು ಅವರ ಲೆಕ್ಕ. ನಾನು ಓಡಿಹೋಗಿ ಅವರ ಪಂಚೆ ಹಿಡಿದುಕೊಂಡೆ.

"ಹೆಸರು ಬರೋಗಂಟ ಇರ್ಲಿ ತಾತಾ. ಒಂದೇ ಒಂದ್ಸಲ."

ಅವರು ನನ್ನನ್ನೂ ಟೀವಿಯನ್ನೂ ನೋಡಿದರು. "ಟೂಬು ಕಾಯ್ತದೆ ಕಣ್ಲಾ" ಎಂದರು. ಆದರೆ ಗುಂಡಿಯ ಮೇಲಿಂದ ಕೈ ತೆಗೆದರು.

ಹೆಸರುಗಳು ಕೆಳಗಿನಿಂದ ಮೇಲಕ್ಕೆ ಏರಿದವು. ನಟಿಸಿದವರು, ಬರೆದವರು, ಬೆಳಕು ಹಿಡಿದವರು, ಬಣ್ಣ ಹಚ್ಚಿದವರು. ನಾನು ಒಂದೊಂದನ್ನೂ ಗಟ್ಟಿಯಾಗಿ ಓದಿದೆ. ಕಾರು ಮಾಡಿದವರು ಎಂಬ ಸಾಲೇ ಇರಲಿಲ್ಲ. ಕೊನೆಯ ಹೆಸರೂ ಮೇಲೆ ಹೋಗಿ ಮರೆಯಾಯಿತು. ಯಜಮಾನರು ಟೀವಿ ಆರಿಸಿ, ಪೆಟ್ಟಿಗೆಯ ಬಾಗಿಲು ಎಳೆದರು.

"ಬರ್ಲಿಲ್ಲವಲ್ಲೋ ಮಗಾ" ಎಂದ ಮೊಮ್ಮಗ. ಅವನ ದನಿಯಲ್ಲಿ ತಮಾಷೆ ಇರಲಿಲ್ಲ. ಅವನಿಗೂ ಬೇಸರವಾಗಿತ್ತು ಎಂದು ಈಗ ಅನ್ನಿಸುತ್ತದೆ.

ಅಕ್ಕ ಮನೆಗೆ ಹೋದಳು. ನಾನು ಸೀದಾ ಶೆಡ್ಡಿಗೆ ಓಡಿದೆ. ಅಪ್ಪ ಕೈ ತೊಳೆದುಕೊಳ್ಳುತ್ತಿದ್ದ. "ನೀನ್ಯಾಕೆ ಹೆಸರು ಹಾಕಿಸ್ಲಿಲ್ಲ? ಎಲ್ಲಾರ್ದೂ ಹಾಕವ್ರೆ, ನಿಂದೊಂದೇ ಇಲ್ಲ!" ಎಂದು ಅಳುತ್ತ ಕಿರುಚಿದೆ. ಅಪ್ಪ ಸೀಮೆಎಣ್ಣೆಯಲ್ಲಿ ಉಗುರು ಉಜ್ಜುತ್ತಲೇ ಇದ್ದ. ಆಮೇಲೆ ಹೀಗೆ ಹೇಳಿದ:

"ನಂದು ಹಾಕಲ್ಲ ಅಂತ ಮೊದಲೇ ಗೊತ್ತಿತ್ತು ಕಣೋ. ಎಡಗಡೆ ಮುಂದ್ಗಡೆ ಚಕ್ರದಲ್ಲಿ ನಿಮ್ಮಕ್ಕನ್ ಹೆಸರು ಹೊರಗಡೆ ಹಾಕಿದೀನಿ. ಕ್ಯಾಮೆರಾ ಆ ಕಡೆ ನಿಲ್ಲುತ್ತೆ ಅಂದಿದ್ರು."

ಹೇಳಿದನೇ? ಇದೇ ನನ್ನನ್ನು ಕೂರಲು ಬಿಡದ ಪ್ರಶ್ನೆ. ಶೆಡ್ಡಿನಲ್ಲಿ ಇದ್ದವರು ನಾವಿಬ್ಬರೇ. ಅಪ್ಪ ಈಗ ಇಲ್ಲ. ಆರ್.ಟಿ. ನಗರದಲ್ಲಿರುವ ಅಕ್ಕನಿಗೆ ಫೋನು ಮಾಡಿದರೆ, "ಅಪ್ಪ ಎಲ್ಲೋ ಕತ್ತಲಲ್ಲಿ ಮರೆತು ಬೋರಲು ಜಡಿದಿರ್ತಾನೆ. ಇಲ್ಲಾ ಅಂದ್ರೆ ನಂಗೇ ಹಂಗೆ ಕಂಡಿರುತ್ತೆ. ನಿಂದು ಯಾವಾಗ್ಲೂ ಒಗ್ಗರಣೆ ಜಾಸ್ತಿ" ಎನ್ನುತ್ತಾಳೆ. ಅವಮಾನವಾದ ಹುಡುಗ ತನ್ನ ಸಮಾಧಾನಕ್ಕೆ ತಾನೇ ಒಂದು ಮಾತು ಕಟ್ಟಿ ಅಪ್ಪನ ಬಾಯಲ್ಲಿ ಇಟ್ಟಿರಬಹುದು. ಬೂದಿ ಸೀರೆಗೆ ಎಲೆಹಸಿರು ಬಳಿದಂತೆ.

ಆ ಹೊಸ್ತಿಲನ್ನು ನಾನು ಮತ್ತೆ ಯಾವಾಗ ದಾಟಿದೆ ಎಂಬುದೂ ನೆನಪಿಲ್ಲ. ದಾಟಿರಲೇಬೇಕು. ಹುಬ್ಬಿನ ಪತ್ತೇದಾರ ಕೊನೆಗೆ ಕಳ್ಳನನ್ನು ಹಿಡಿದದ್ದು ನನಗೆ ಗೊತ್ತಿದೆ.

ಈಗ ಅಪ್ಪನ ಶೆಡ್ಡಿದ್ದ ಜಾಗದ ಮೇಲೆ ವಿಮಾನ ನಿಲ್ದಾಣಕ್ಕೆ ಹೋಗುವ ಕಾರುಗಳು ಓಡುತ್ತವೆ. ದ್ರಾಕ್ಷಿ ತೋಟದಲ್ಲಿ ಹದಿನಾಲ್ಕು ಅಂತಸ್ತಿನ ಮನೆಗಳೆದ್ದಿವೆ. ಕಟ್ಟಿಸಿದವನು ಆ ಮೊಮ್ಮಗನೇ. ನಿಮಗೆ ಟೀವಿ ನೋಡಲು ಯಾರ ಹೊಸ್ತಿಲನ್ನೂ ದಾಟಬೇಕಾಗಿಲ್ಲ, ಅದು ನಿಮ್ಮ ಅಂಗೈಯಲ್ಲೇ ಇದೆ, ಎಲ್ಲ ಬಣ್ಣಗಳೂ ಇವೆ. ಆದರೆ ಕತೆ ಮುಗಿದೊಡನೆ ನಿಮ್ಮ ಪರದೆ ಹೆಸರುಗಳನ್ನು ಒಂದು ಮೂಲೆಗೆ ತಳ್ಳಿ ಮುಂದಿನ ಕತೆ ಹಚ್ಚಿಬಿಡುತ್ತದೆ. ನಾನು "ತಡೀರಿ, ಹೆಸರು ಪೂರ್ತಿ ಬರ್ಲಿ" ಎಂದಾಗಲೆಲ್ಲ ನೀವು "ಅಯ್ಯೋ ತಾತಾ" ಎಂದು ತಲೆ ಚಚ್ಚಿಕೊಳ್ಳುತ್ತೀರಿ. ಯಾಕೆ ಎಂದು ಈಗ ಗೊತ್ತಾಯಿತಲ್ಲ.

ನಿಮ್ಮ ಪರದೆಗೆ ಇರುವ ಒಂದು ಶಕ್ತಿ ಯಜಮಾನರ ಟೀವಿಗೆ ಇರಲಿಲ್ಲ. ಅದು ನಿಲ್ಲುತ್ತದೆ. ಹೋದ ಭಾನುವಾರ ದೊಡ್ಡವಳು ಎಲ್ಲೆಲ್ಲೋ ಹುಡುಕಿ, ಆ ಧಾರಾವಾಹಿಯ ಒಂದು ತುಣುಕನ್ನು ಯಾರೋ ಹಳೇ ಕ್ಯಾಸೆಟ್ಟಿನಿಂದ ಎತ್ತಿ ಇಂಟರ್ನೆಟ್ಟಿಗೆ ಹಾಕಿದ್ದನ್ನು ಕಂಡುಹಿಡಿದಳು. ಮಸುಕು ಚಿತ್ರ, ಗೆರೆ ಗೆರೆ. ಕೆರೆ ಏರಿ ಬಂತು. ಧೂಳು ಬಂತು. ಕಾರು ನನ್ನ ಕತೆಯಲ್ಲಿರುವುದಕ್ಕಿಂತ ಬಹಳ ಗಿಡ್ಡ. ಬಣ್ಣ ಬೂದಿ. ಅವಳು ಬೆರಳಿಟ್ಟು ನಿಲ್ಲಿಸಿದಳು. ಬಲಗಡೆಯಿಂದ ಕಾಣುವ ಚಿತ್ರದಲ್ಲೊಮ್ಮೆ, ಎಡಗಡೆಯಿಂದ ಕಾಣುವ ಚಿತ್ರದಲ್ಲೊಮ್ಮೆ. ನಾನು ಕನ್ನಡಕ ಒರೆಸಿ, ಭೂತಕನ್ನಡಿಯನ್ನೂ ಹಿಡಿದು ನೋಡಿದೆ. ಹೆಸರು ಓದಲಿಕ್ಕಾಗಲಿಲ್ಲ. ಅಪ್ಪ ಆ ಮಾತು ಹೇಳಿದನೋ ಇಲ್ಲವೋ, ಅದನ್ನು ಯಾವ ಪರದೆಯೂ ಹೇಳಲಾರದು. ಕ್ಲಾಸಿನ ಹುಡುಗರಿಗೆ ಹೇಳುತ್ತಿದ್ದಂತೆ, ಕಂಡದ್ದನ್ನಷ್ಟೇ ಬರೆಯುತ್ತೇನೆ.

ಮೂರು ಚಕ್ರಗಳಲ್ಲಿ ತಟ್ಟೆ ಒಳಕ್ಕೆ ಕುಳಿಬಿದ್ದು ನೆರಳು ತುಂಬಿಕೊಂಡಿದೆ. ಎಡಗಡೆಯ ಮುಂದಿನ ಚಕ್ರದಲ್ಲಿ ಮಾತ್ರ ಅದು ಹೊರಕ್ಕೆ ಉಬ್ಬಿ ಹೊಳೆಯುತ್ತಿದೆ.